ಕೆಂಪು ಪೆನ್ನಿನ ನೋಟ್‌ಬುಕ್

ಬಿಪಿಗಿಂತ ಬಿಪಿ ಮಷೀನಿನಿಂದ ನಿದ್ದೆಗೆಟ್ಟವರು ಇತ್ತೀಚೆಗೆ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಇವರು ಅರವತ್ತರ ಆಸುಪಾಸಿನ ನಿವೃತ್ತ ಗುಮಾಸ್ತರು. ಕೆಲವು ವರ್ಷಗಳಿಂದ ಬಿಪಿ ಮಾತ್ರೆ ತಗೊಳ್ಳುತ್ತಿದ್ದಾರೆ. ಅಣ್ಣನಿಗೆ ಲಕ್ವಾ ಹೊಡೆದ ಮೇಲೆ ಮಗ ಮಷೀನು ತಂದುಕೊಟ್ಟ. ನನ್ನ ಹತ್ತಿರ ಕರೆತಂದದ್ದು ಹೆಂಡತಿ.

ಎರಡನೇ ಸಲ ಬಂದಾಗ ನೋಟ್‌ಬುಕ್ ತಂದಿದ್ದರು. ಸ್ಕೇಲಿಟ್ಟು ಗೆರೆ ಹೊಡೆದಿದ್ದರು. 140 ದಾಟಿದ್ದೆಲ್ಲ ಕೆಂಪು ಪೆನ್ನಿನಲ್ಲಿ. ಒಂದು ಪುಟದಲ್ಲಿ ನನ್ನ ಬೆರಳು ನಿಂತಿತು. ರಾತ್ರಿ 2:40ಕ್ಕೆ 148. 2:43ಕ್ಕೆ 156. 2:45ಕ್ಕೆ 163. 2:50ಕ್ಕೆ 171.

“ಈ ಹತ್ತು ನಿಮಿಷದಲ್ಲಿ ಏನಾಗ್ತಿತ್ತು ಸರ್?”

“ಏನೂ ಇಲ್ಲ ಮೇಡಂ. ಬಿಪಿ ನೋಡ್ತಿದ್ದೆ, ಅಷ್ಟೇ.”

ಹೇಳಿದವರು ಆ ಪುಟವನ್ನೇ ನೋಡುತ್ತಾ ಕುಳಿತರು. ನಾನೂ ಸುಮ್ಮನಿದ್ದೆ. ಹೆಂಡತಿ ಮೆಲ್ಲಗೆ ಅಂದರು, “ಆಮೇಲೆ ಅರ್ಧ ಮಾತ್ರೆ ನುಂಗಿದ್ರಲ್ಲ, ಅದನ್ನೂ ಹೇಳಿ.”

ಆ ಅರ್ಧ ಮಾತ್ರೆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ ಬರುತ್ತಿದ್ದದ್ದು, ಒಮ್ಮೆ ಬಚ್ಚಲ ಬಾಗಿಲು ಹಿಡಿದು ನಿಂತದ್ದು, ಅದೂ ಇರಲಿಲ್ಲ. “ಅದು ಬಿಪಿ ಅಲ್ವಲ್ಲ” ಅಂದರು!

ಮಾತ್ರೆಯ ವಿಷಯದಲ್ಲಿ ನಾನು ಕೈ ಹಾಕುವುದಿಲ್ಲ. ಅವತ್ತೇ ಅವರ ಡಾಕ್ಟರ ಹತ್ತಿರ ಕಳಿಸಿದೆ. ಅರ್ಧ ಮಾತ್ರೆಯ ಮಾತು ಮೊದಲು ಹೇಳಿ, ಮಲಗಿದಾಗ ಮತ್ತು ನಿಂತ ಮೇಲೆ ಎರಡೂ ಬಿಪಿ ನೋಡಿಸಿ ಅಂದೆ. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಸಂಖ್ಯೆ 20 ಇಳಿದರೆ ಡಾಕ್ಟರಿಗೆ ಅದು ಗೊತ್ತಾಗಲೇಬೇಕು.

ನನ್ನ ಸಲಹೆ ಇಷ್ಟೇ. ಮಷೀನು ಹೆಂಡತಿಯ ಬೀರುವಿನಲ್ಲಿರಲಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮಾತ್ರೆಗೂ ಮೊದಲು ಒಮ್ಮೆ, ಸಂಜೆ ಒಮ್ಮೆ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ, ಪಟ್ಟಿ ಬರಿ ತೋಳಿಗೆ. ಎರಡೂ ಹೊತ್ತು 5 ನಿಮಿಷ ಸುಮ್ನೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ ನೋಡಿ. ಪಕ್ಕದಲ್ಲಿ ಮೈ ಹೇಗಿತ್ತು ಅಂತ ಬರೆಯಿರಿ. ಕೆಂಪು ಪೆನ್ನು ಮೊಮ್ಮಗನಿಗೆ ಕೊಡಿ.

“ಬಿಪಿ ಇರುವವರಿಗೆ ಕಡಿಮೆ ನೋಡಿ ಅನ್ನೋದಾ?” ಅಂತ ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ನೋಡಲೇಬೇಡಿ ಅಂದಿಲ್ಲವಲ್ಲ. ನಡುರಾತ್ರಿ ಗಾಬರಿಯಲ್ಲಿ ನೋಡಿದ 171 ಇಟ್ಟುಕೊಂಡು ಡಾಕ್ಟರು ಏನು ತೀರ್ಮಾನ ಮಾಡಬೇಕು? ಅವರಿಗೆ ಬೇಕಾದ್ದು ಒಂದು ವಾರದ ಶಾಂತ ಲೆಕ್ಕ. ಮನೆಯಲ್ಲಿ ಅದರ ಸರಾಸರಿ 135/85 ದಾಟುತ್ತಾ ಇಲ್ಲವಾ ಅನ್ನುವುದು. ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಇವು ಬಂದರೆ ಮಾತ್ರ ಕತೆಯೇ ಬೇರೆ. ಆಗ ಸಂಖ್ಯೆ ಎಷ್ಟೇ ಇರಲಿ, ಮಷೀನು ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು. ಇದನ್ನು ಅವರಿಂದ ಎರಡು ಸಲ ಬಾಯಿಬಿಟ್ಟು ಹೇಳಿಸಿದೆ.

ಮಾತ್ರೆಯ ವಿಷಯ ಡಾಕ್ಟರು ನೋಡಿಕೊಂಡರು. ಮೂರು ವಾರದ ಮೇಲೆ ಬಂದಾಗ ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಇತ್ತು. “ಎದ್ದಾಗ ತಲೆಸುತ್ತು: ಇಲ್ಲ.” ಒಂದು ಸಂಜೆಯ ಜಾಗ ಖಾಲಿ. “ಮದುವೆಗೆ ಹೋಗಿದ್ದೆ, ಮರೆತೆ” ಅಂತ ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹ: “ಹಪ್ಪಳ ನಾಲ್ಕು, ಉಪ್ಪಿನಕಾಯಿ ಎರಡು ಸಲ.”