ವೋಡ್ಕಾವನ್ನು ಔಷಧಿ ಅಂತ ಕುಡಿಯುತ್ತಿದ್ದ ಲೆಕ್ಕದ ಮೇಷ್ಟ್ರು

(ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ.)

ಚಂದ್ರಪ್ಪ ಅವರಿಗೆ 55 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶುಗರ್ ಇದೆ, ಬಿಪಿಯೂ ಇದೆ. ಎರಡಕ್ಕೂ ತಪ್ಪದೆ ಮಾತ್ರೆ ನುಂಗುತ್ತಾರೆ. ಹೆಂಡತಿ ಸುಮಿತ್ರಾ ಅವರ ಬಲವಂತಕ್ಕೆ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದರು. ಕೂತವರೇ, "ಮೇಡಂ, ಮೊದಲೇ ಹೇಳ್ಬಿಡ್ತೀನಿ, ನಾನು ಕುಡುಕ ಅಲ್ಲ. ರಾತ್ರಿ ಊಟಕ್ಕೆ ಮುಂಚೆ ಒಂದೇ ಒಂದು ಪೆಗ್ ವೋಡ್ಕಾ. ಅದೂ ಹೆಲ್ತಿಗೆ" ಅಂದರು. ಫೋನಿನಲ್ಲಿ ಒಂದು ವಾಟ್ಸಾಪ್ ಫಾರ್ವರ್ಡ್ ತೋರಿಸಿದರು. ವೋಡ್ಕಾ ಹೃದಯಕ್ಕೆ ಒಳ್ಳೆಯದು, ಒಳ್ಳೆಯ ಕೊಲೆಸ್ಟ್ರಾಲ್ ಏರಿಸುತ್ತದೆ, ಅದರಲ್ಲಿ ಸಕ್ಕರೆ ಇಲ್ಲ, ನಿದ್ದೆ ತರಿಸುತ್ತದೆ, ಹಲ್ಲುನೋವಿಗೂ ಆಗುತ್ತದೆ. ಇನ್ನೂ ಏನೇನೋ ಇತ್ತು.

"ನನ್ನ ಮೇಲೇ ಪ್ರೂಫ್ ಇದೆ. ಶುರು ಮಾಡಿದಮೇಲೆ ಬೆಳಗಿನ ಶುಗರ್ ಇಳಿದಿದೆ" ಅಂತ ಒಂದು ಚಿಕ್ಕ ಡೈರಿ ತೆಗೆದರು. ನೀಟಾಗಿ ಕಾಲಂ ಹಾಕಿ ಬರೆದಿದ್ದರು. ನಿಜ, ಅಂಕಿಗಳು ಇಳಿದಿದ್ದವು.

ಸುಮಿತ್ರಾ ಅವರ ಜೊತೆ ಬೇರೆಯಾಗಿ ಮಾತಾಡಿದೆ. "ಇವರು ಗಲಾಟೆ ಮಾಡಲ್ಲ ಮೇಡಂ. ಒಂದು ಮಾತೂ ಜೋರಾಗಿ ಆಡಲ್ಲ. ಆದ್ರೆ ರಾತ್ರಿ ಎರಡು ಮೂರು ಗಂಟೆಗೆ ಬೆವರಿ ಬನಿಯನ್ ಒದ್ದೆಯಾಗಿರುತ್ತೆ. ಕೈ ನಡುಗುತ್ತೆ. ಏನಾದ್ರೂ ಕೇಳಿದ್ರೆ ತೊದಲ್ತಾರೆ. ಕುಡಿದಿದ್ದು ಇಳಿದಿಲ್ಲ ಅಂದ್ಕೊಂಡು ನಾನು ಮಗ್ಗುಲಾಗಿ ಮಲಗಿಬಿಡ್ತೀನಿ."

ಇದನ್ನು ಕೇಳಿದ ಮೇಲೆ ಆಪ್ತಸಲಹೆ ಆಮೇಲೆ, ಮೊದಲು ಡಾಕ್ಟರು ಅಂತ ತೀರ್ಮಾನಿಸಿದೆ. ಚಂದ್ರಪ್ಪ ತಗೊಳ್ಳುತ್ತಿದ್ದುದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಗ್ಲಿಮೆಪಿರೈಡ್ ಇನ್ಸುಲಿನ್ ಜಾಸ್ತಿ ಬರುವ ಹಾಗೆ ಮಾಡಿ ರಕ್ತದ ಸಕ್ಕರೆ ಇಳಿಸುತ್ತದೆ. ರಾತ್ರಿ ಹೊಟ್ಟೆ ಖಾಲಿಯಾದಾಗ ಸಕ್ಕರೆ ತೀರಾ ಬೀಳದ ಹಾಗೆ ನೋಡಿಕೊಳ್ಳುವುದು ಲಿವರ್. ಹೊಸದಾಗಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮದ್ಯ ಒಳಗೆ ಹೋದರೆ ಲಿವರ್ ಅದನ್ನು ಕರಗಿಸುವ ಕೆಲಸಕ್ಕೆ ನಿಲ್ಲುತ್ತದೆ, ಸಕ್ಕರೆ ಮಾಡುವುದು ಕುಂಠಿತವಾಗುತ್ತದೆ. ಮೇಲಿಂದ ಇವರು ಪೆಗ್ ಆದಮೇಲೆ ಹಸಿವಿಲ್ಲ ಅಂತ ಒಂದು ಚಪಾತಿ ತಿಂದು ಕೈ ತೊಳೆಯುತ್ತಿದ್ದರು. ವೋಡ್ಕಾದಲ್ಲಿ ಸಕ್ಕರೆ ಇಲ್ಲ ಅನ್ನುವುದು ನಿಜವೇ. ಈ ಮಾತ್ರೆ ತಗೊಳ್ಳುವವರಿಗೆ ಅಪಾಯ ಇರುವುದು ಅಲ್ಲೇ. ಡೈರಿಯಲ್ಲಿ ಇಳಿದ ಅಂಕಿಯನ್ನು ಅವರು ವಾಸಿಯಾಗುತ್ತಿರುವ ಗುರುತು ಅಂದುಕೊಂಡಿದ್ದರು.

ಲೋ ಶುಗರ್ ಆದವರು ಬೆವರುತ್ತಾರೆ, ನಡುಗುತ್ತಾರೆ, ತೊದಲುತ್ತಾರೆ. ನೋಡುವವರಿಗೆ ಕುಡಿದವರ ಹಾಗೇ ಕಾಣುತ್ತಾರೆ. ಬಾಯಲ್ಲಿ ವಾಸನೆಯೂ ಇದ್ದರೆ ಕೇಳುವುದೇ ಬೇಡ. ಅವತ್ತೇ ಸುಮಿತ್ರಾ ಅವರಿಗೆ ಹೇಳಿದೆ: ಇನ್ನೊಮ್ಮೆ ಹಾಗಾದರೆ ಮಗ್ಗುಲಾಗಬೇಡಿ, ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅವರಿಗೆ ಎಚ್ಚರ ಇದ್ದು ನುಂಗುವ ಹಾಗಿದ್ದರೆ, ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಆ ವಾರದಲ್ಲೇ ಒಂದು ರಾತ್ರಿ ಮೀಟರ್ 56 ತೋರಿಸಿತು.

ಚಂದ್ರಪ್ಪ ಅವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ. "ಔಷಧಿ ಅಂತೀರಲ್ಲ ಸಾರ್, ನಿಮ್ಮ ಶುಗರ್ ಡಾಕ್ಟರಿಗೆ ಈ ಔಷಧಿ ವಿಷಯ ಹೇಳಿದೀರಾ?" ಅವರು ಡೈರಿ ಮುಚ್ಚಿ ಜೇಬಿಗೆ ಇಟ್ಟರು. "ಕೇಳಿಲ್ಲ ಅವರು" ಅಂದರು. ಬಿಪಿ ಮಾತ್ರೆ, ಶುಗರ್ ಮಾತ್ರೆ, ಹೆಂಡತಿ ಮಾಡಿಕೊಡುವ ಮೆಂತ್ಯದ ನೀರು, ಎಲ್ಲವನ್ನೂ ಡಾಕ್ಟರಿಗೆ ಹೇಳಿದ್ದರು. ಇದೊಂದನ್ನು ಬಿಟ್ಟು. ಅವರ ಒಪ್ಪಿಗೆ ಪಡೆದು ನಾನೇ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟೆ. ಡಾಕ್ಟರು ಮಾತ್ರೆ ಬದಲಾಯಿಸಿದರು.

ಮುಂದಿನ ಭೇಟಿಗೆ ಮನೆಯಲ್ಲಿ ಬಳಸುವ ಲೋಟವನ್ನೇ ತರಲು ಹೇಳಿದ್ದೆ. ದಪ್ಪ ತಳದ ಗಾಜಿನ ಲೋಟ. ಅದಕ್ಕೆ ಬಾಟಲಿಯಿಂದ ನೀರು ಸುರಿಯಲು ಹೇಳಿದೆ, ರಾತ್ರಿ ಹೇಗೆ ಸುರಿಯುತ್ತೀರೋ ಹಾಗೆ. ಅವರು ಲೋಟವನ್ನು ಬೆಳಕಿಗೆ ಹಿಡಿದು, ಎರಡು ಬೆರಳಷ್ಟು ಹಾಕಿ, ಒಂದು ಕ್ಷಣ ನಿಂತು, ಇನ್ನೊಂಚೂರು ಹಾಕಿದರು. ಆ ಇನ್ನೊಂಚೂರು ಅಭ್ಯಾಸದ ಕೈ. ನೀರನ್ನು ಅಳತೆಯ ಕಪ್ಪಿಗೆ ಬಗ್ಗಿಸಿದೆ. 95 ಮಿ.ಲೀ.

"ಲಾರ್ಜ್ ಅಂದ್ರೆ 60 ಅಲ್ವಾ?" ಅಂದರು.

"ಹೌದು. ಉಳಿದ ಲೆಕ್ಕ ನೀವೇ ಮಾಡಿ" ಅಂತ ಪೆನ್ನು ಕೊಟ್ಟೆ. ನಮ್ಮಲ್ಲಿ ಸಿಗುವ ವೋಡ್ಕಾದಲ್ಲಿ ಸಾಮಾನ್ಯವಾಗಿ 42.8% ಮದ್ಯಸಾರ. ಒಂದು ಮಿ.ಲೀ. ಮದ್ಯಸಾರದ ತೂಕ 0.789 ಗ್ರಾಂ. ಮೇಷ್ಟ್ರು ಗುಣಿಸಿದರು: 32 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಂದು ಡ್ರಿಂಕ್ ಅಂತ ಲೆಕ್ಕ ಹಿಡಿಯುವುದು 10 ಗ್ರಾಂ. ಅಂದರೆ ಅವರ ಒಂದು ಪೆಗ್ ಮೂರು ಡ್ರಿಂಕಿಗಿಂತ ಜಾಸ್ತಿ. ಗ್ರಾಂಗೆ 7 ಕ್ಯಾಲೊರಿ, ಒಟ್ಟು 225ರ ಹತ್ತಿರ. ವಾರಕ್ಕೆ 665 ಮಿ.ಲೀ., ಮುಕ್ಕಾಲು ಲೀಟರಿನ ಬಾಟಲಿಗೆ ಸ್ವಲ್ಪ ಕಮ್ಮಿ. ಕೊನೆಯ ಅಂಕಿಯ ಕೆಳಗೆ ಅವರೇ ಎರಡು ಗೆರೆ ಎಳೆದರು. ಮೇಷ್ಟ್ರ ಚಾಳಿ.

ಆಮೇಲೆ ಫಾರ್ವರ್ಡಿನ ವಿಷಯಕ್ಕೆ ಬಂದೆವು. ಅದರಲ್ಲಿ ಇರುವುದೆಲ್ಲ ಸುಳ್ಳು ಅಂತ ನಾನು ಹೇಳಲಿಲ್ಲ. ಮದ್ಯ ಎಚ್‌ಡಿಎಲ್ ಅನ್ನುವ ಒಳ್ಳೆಯ ಕೊಲೆಸ್ಟ್ರಾಲನ್ನು ಏರಿಸುತ್ತದೆ, ನಿಜ. ಆದರೆ ಅದನ್ನು ಏರಿಸಲೆಂದೇ ಮಾಡಿದ ಔಷಧಿಗಳು ಕೊಲೆಸ್ಟ್ರಾಲ್ ಏರಿಸಿದವೇ ಹೊರತು, ಅದರಿಂದ ಹಾರ್ಟ್ ಅಟ್ಯಾಕ್ ತಪ್ಪಿಸಿ ತೋರಿಸಲಿಲ್ಲ. ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ಜಾಸ್ತಿ ಬದುಕುತ್ತಾರೆ ಅಂತ ಹಿಂದಿನ ಎಷ್ಟೋ ಅಧ್ಯಯನಗಳು ಹೇಳಿದ್ದವು. ಆ 'ಕುಡಿಯದವರ' ಗುಂಪಿನಲ್ಲಿ ಕಾಯಿಲೆ ಬಂದು ಕುಡಿಯುವುದನ್ನು ಬಿಟ್ಟವರೂ ಸೇರಿದ್ದಾರೆ ಅಂತ ಬ್ರಿಟನ್ನಿನ ಶೇಪರ್ ಮತ್ತು ಅವರ ತಂಡ 1988ರಲ್ಲೇ ತೋರಿಸಿದರು. ಇದನ್ನು ಹೇಳಿದಾಗ ಚಂದ್ರಪ್ಪ ಥಟ್ಟನೆ, "ಫೇಲಾದವರನ್ನ ಸ್ಕೂಲಿಗೇ ಬರದವರ ಜೊತೆ ಸೇರಿಸಿ ಸರಾಸರಿ ತೆಗೆದ ಹಾಗಾಯ್ತು" ಅಂದರು. ನನಗಿಂತ ಚೆನ್ನಾಗಿ ಹೇಳಿದರು.

ಭಾರತದ ಗಂಡಸರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಕ್ಕೆ ಲಾಭವೇನೂ ಕಾಣಲಿಲ್ಲ, ಕುಡಿಯುವವರಿಗೇ ಅಪಾಯ ತುಸು ಜಾಸ್ತಿ ಇತ್ತು. ದಿನಕ್ಕೊಂದು ಡ್ರಿಂಕ್ ಕೊಟ್ಟು ಹೃದಯ ಪರೀಕ್ಷಿಸುವ ದೊಡ್ಡ ಪ್ರಯೋಗವೊಂದು ಅಮೆರಿಕದಲ್ಲಿ ಶುರುವಾಗಿತ್ತು. ಅದಕ್ಕೆ ಮದ್ಯದ ಕಂಪನಿಗಳಿಂದ ದುಡ್ಡು ಎತ್ತಿದ್ದು ಬಯಲಾಗಿ 2018ರಲ್ಲಿ ನಿಲ್ಲಿಸಿದರು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣವೇ ಮದ್ಯಕ್ಕೆ ಇಲ್ಲ ಅಂತ ಹೇಳಿತು. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ, ಇಲ್ಲೆಲ್ಲ ಕ್ಯಾನ್ಸರಿಗೆ ಮದ್ಯ ಒಂದು ಕಾರಣ. ಕ್ಯಾನ್ಸರಿಗೆ ಬ್ರ್ಯಾಂಡ್ ಗೊತ್ತಾಗುವುದಿಲ್ಲ.

"ವೋಡ್ಕಾ ಕ್ಲೀನು ಅಂತಾರಲ್ಲ?" ಕ್ಲೀನೇ. ಬಟ್ಟಿ ಇಳಿಸಿ, ಇದ್ದಿಲಿನಲ್ಲಿ ಸೋಸಿ, ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಮದ್ಯಸಾರ ಮತ್ತು ನೀರು ಮಾತ್ರ. ರೆಡ್ ವೈನ್ ಬಗ್ಗೆ ವಾದ ಮಾಡುವವರಿಗೆ ದ್ರಾಕ್ಷಿ ಸಿಪ್ಪೆಯ ಅಂಶವಾದರೂ ಇದೆ. ವೋಡ್ಕಾ ಪರ ವಾದಿಸಲು ಅದೂ ಇಲ್ಲ. ಅದನ್ನೇ ಕುಡಿದ ನಾಡಿನ ಲೆಕ್ಕವೂ ನಮ್ಮ ಮುಂದಿದೆ. ರಷ್ಯಾದ ಮೂರು ನಗರಗಳಲ್ಲಿ 1,51,000 ಜನರನ್ನು ಹಿಂಬಾಲಿಸಿದ ಅಧ್ಯಯನ 2014ರಲ್ಲಿ ಬಂತು. ಸಿಗರೇಟು ಸೇದುವ ಗಂಡಸರಲ್ಲಿ, 35ರಿಂದ 54ರ ವಯಸ್ಸಿನೊಳಗೆ ಸಾಯುವ ಸಂಭವ ವಾರಕ್ಕೆ ಅರ್ಧ ಲೀಟರಿನ ಒಂದು ಬಾಟಲಿಗಿಂತ ಕಮ್ಮಿ ಕುಡಿಯುವವರಿಗೆ 16%, ಒಂದರಿಂದ ಮೂರರೊಳಗೆ ಕುಡಿಯುವವರಿಗೆ 20%, ಮೂರು ಅಥವಾ ಜಾಸ್ತಿ ಆದರೆ 35%. ಚಂದ್ರಪ್ಪ ಸಿಗರೇಟು ಸೇದುವುದಿಲ್ಲ, ಆ ವಯಸ್ಸೂ ದಾಟಿದೆ. ಹಾಗಾಗಿ ಈ ಅಂಕಿ ನೇರವಾಗಿ ಅವರಿಗೆ ಹೊಂದುವುದಿಲ್ಲ ಅಂತಲೂ ಹೇಳಿದೆ. ಹೆದರಿಸಿ ಬಿಡಿಸಿದ್ದು ಜಾಸ್ತಿ ದಿನ ನಿಲ್ಲುವುದಿಲ್ಲ. ಅವರು ಮಾತ್ರ 665ನ್ನು 500ರಿಂದ ಭಾಗಿಸಿ ಸುಮ್ಮನಾದರು.

ಇಷ್ಟೆಲ್ಲ ಹೇಳಿದರೂ, ಇದು ನಮ್ಮ ಕೆಲಸದ ಅರ್ಧ ಭಾಗವೂ ಅಲ್ಲ. ನನ್ನ ಅನುಭವದಲ್ಲಿ ಆರೋಗ್ಯದ ಕಾರಣ ಓದಿ ಕುಡಿಯಲು ಶುರು ಮಾಡಿದವರು ತೀರಾ ಕಮ್ಮಿ. ಕುಡಿತ ಮೊದಲು ಬರುತ್ತದೆ, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ. ಅದಕ್ಕೇ ಕೇಳಿದೆ, "ಮೊದಲನೇ ಪೆಗ್ ಯಾವಾಗ ಸಾರ್?"

ತಾಯಿ ತೀರಿಕೊಂಡ ಮೇಲೆ. ಪಾರ್ಶ್ವವಾಯು ಆಗಿ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಬೆನ್ನಿಗೆ ಹುಣ್ಣಾಗಬಾರದು ಅಂತ ರಾತ್ರಿ ಎರಡು ಗಂಟೆಗೆ ಎದ್ದು ಅವರನ್ನು ಮಗ್ಗುಲು ಬದಲಿಸುವುದು ಮಗನ ಕೆಲಸವಾಗಿತ್ತು. ಅವ್ವ ಹೋದಮೇಲೂ ಎರಡಕ್ಕೆ ಎಚ್ಚರ ಆಗುತ್ತಿತ್ತು. ಎದ್ದು ಆ ಕೋಣೆಗೆ ಹೋಗಿ, ಮಡಚಿಟ್ಟ ಮಂಚ ನೋಡಿ ವಾಪಸ್ ಬರುತ್ತಿದ್ದರು. ಸ್ಟಾಫ್ ರೂಮಿನ ಗೆಳೆಯರೊಬ್ಬರು, "ವೋಡ್ಕಾ ಹಾಕು, ವಾಸನೆ ಬರಲ್ಲ, ತಲೆನೋವು ಇಲ್ಲ, ಕಣ್ಣು ಮುಚ್ಚುತ್ತೆ" ಅಂದರಂತೆ. ಕಣ್ಣು ಮುಚ್ಚುವುದು ನಿಜ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಹಾಳು ಮಾಡುತ್ತದೆ. ಎರಡು ಗಂಟೆಯ ಎಚ್ಚರಕ್ಕೆ ಅಂತ ಕುಡಿದದ್ದು ಎರಡು ಗಂಟೆಗೇ ಎಬ್ಬಿಸುತ್ತಿತ್ತು.

ಕುಡಿತದ ಮಟ್ಟ ಅಳೆಯುವ ಹತ್ತು ಪ್ರಶ್ನೆಗಳ ಆಡಿಟ್ ಪಟ್ಟಿಯಲ್ಲಿ ಅವರಿಗೆ 12 ಬಂತು. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಚ್ಚರ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಕ, ಕುಡಿಯದ ದಿನ ಬೆವರು, ವಾಂತಿ ಇದೆಯಾ ಅಂತ ವಿಚಾರಿಸಿದೆ. ಇರಲಿಲ್ಲ. ಇದ್ದಿದ್ದರೆ ಒಮ್ಮೆಲೇ ನಿಲ್ಲಿಸಿ ಅಂತ ಹೇಳುತ್ತಿರಲಿಲ್ಲ. ದಿನಾ ಕ್ವಾರ್ಟರ್, ಹಾಫ್ ಹಾಕುವವರು ಡಾಕ್ಟರ ನಿಗಾ ಇಲ್ಲದೆ ಥಟ್ಟಂತ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೂ ಕುತ್ತು. ಅಂಥವರು ಆಸ್ಪತ್ರೆಗೇ ಹೋಗಬೇಕು. ಎಲ್ಲಿಗೆ ಹೋಗುವುದು ಅಂತ ಗೊತ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಚಂದ್ರಪ್ಪ ಅವರಿಗೆ ಕೊಟ್ಟ ಸಲಹೆಯಲ್ಲಿ ದೊಡ್ಡ ರಹಸ್ಯ ಏನಿಲ್ಲ. ನಿಲ್ಲಿಸುವುದೇ ಒಳ್ಳೆಯದು ಅಂದೆ. ಆಗದಿದ್ದರೆ ಮೊದಲು ವಾರದಲ್ಲಿ ನಾಲ್ಕು ದಿನ ಬಿಡಿ, ಕುಡಿಯುವ ದಿನ ಅಳೆದು 30 ಮಿ.ಲೀ., ಅದೂ ಊಟದ ಜೊತೆ, ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಬಾಟಲಿ ಮನೆಯಲ್ಲಿ ಸ್ಟಾಕ್ ಇಡಬೇಡಿ. ಡೈರಿಯಲ್ಲಿ ಶುಗರ್ ಪಕ್ಕ ಒಂದು ಕಾಲಂ ಹಾಕಿ, ಕುಡಿದದ್ದನ್ನು ಗ್ರಾಂ ಲೆಕ್ಕದಲ್ಲಿ ಬರೆಯಿರಿ, ಡಾಕ್ಟರಿಗೂ ತೋರಿಸಿ. ಎರಡಕ್ಕೆ ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡಬೇಡಿ, ಎದ್ದು ನಡುಮನೆಗೆ ಹೋಗಿ ಮಂದ ಬೆಳಕಿನಲ್ಲಿ ಕೂತಿರಿ, ಫೋನ್ ಮುಟ್ಟಬೇಡಿ, ಕಣ್ಣು ಎಳೆದಾಗ ಹೋಗಿ ಮಲಗಿ. ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಅವ್ವನ ಬಗ್ಗೆ ಮಾತಾಡಲು ಪ್ರತಿ ಭೇಟಿಯಲ್ಲೂ ಸಮಯ ಇಟ್ಟೆವು. ಎರಡನೇ ಸಲ ಅವರು ಅತ್ತರು. ಮನೆಯಲ್ಲಿ ಯಾರೂ ಅವರನ್ನು ಆ ಬಗ್ಗೆ ಕೇಳಿರಲಿಲ್ಲವಂತೆ. "ಗಂಡಸು, ಮನೆಗೆ ಹಿರಿಯ, ನೀನೇ ಅತ್ರೆ ಹೆಂಗೆ" ಅಂದವರೇ ಎಲ್ಲ.

ಮೂರು ತಿಂಗಳಾದಮೇಲೆ ಅವರು ಪೂರ್ತಿ ಬಿಟ್ಟಿರಲಿಲ್ಲ. ತಿಂಗಳಿಗೆ ಒಂದೆರಡು ಸಲ, ಗೆಳೆಯರ ಮನೆಯಲ್ಲಿ, ಒಂದು ಸ್ಮಾಲ್. ರಾತ್ರಿ ಬೆವರುವುದು ನಿಂತಿದೆ. ಈಗ ಕುಡಿದರೆ ಕುಡಿದೆ ಅಂತಾರೆ, ಹೆಲ್ತಿಗೆ ಅನ್ನುವುದಿಲ್ಲ. ಸುಮಿತ್ರಾ ಅವರ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಆ ಎರಡು ವರ್ಷ ಅತ್ತೆಯ ಹಗಲಿನ ಆರೈಕೆಯೆಲ್ಲ ಅವರದ್ದೇ ಆಗಿತ್ತು, ಅವರನ್ನೂ ಯಾರೂ ಕೇಳಿರಲಿಲ್ಲ. ಈಗ ಗುರುವಾರದ ಭೇಟಿಗೆ ಅವರೊಬ್ಬರೇ ಬರುತ್ತಾರೆ.