ಪ್ರತಿಕ್ರಿಯೆ: ಸ್ಟೇಷನ್‌ಗೆ ‘ವಿಚಾರಣೆ’ಗೆ ಕರೆದರೆ ಅಪ್ಪ ಆರೋಪಿಯೇ?

ಪೊಲೀಸರು ತಂದೆಯನ್ನು ವಿಚಾರಣೆಗೆ ಕರೆದು ನೋಟಿಸ್ ಕಳಿಸಿದ್ದಾರೆ, ಅವರು ಆರೋಪಿಯೇ ಎಂದು ಕೇಳಿದ್ದೀರಿ. ನಿಮ್ಮ ಗಾಬರಿಗೆ ಕಾರಣ ‘ವಿಚಾರಣೆ’ ಎಂಬ ಪದವೇ ಇರಬೇಕು. ಕೋರ್ಟಿನಲ್ಲಿ ಕೇಸು ನಡೆಯುವುದಕ್ಕೂ ಅದೇ ಪದ, ಪೊಲೀಸರು ಪ್ರಶ್ನೆ ಕೇಳುವುದಕ್ಕೂ ಅದೇ. 63 ವರ್ಷದ ನಿಮ್ಮ ತಂದೆಯವರಿಗೆ ನೋಟಿಸ್ ಬಂದ ಮಾತ್ರಕ್ಕೆ ಅವರು ಆರೋಪಿ ಅಂತಲ್ಲ.

ಮೊದಲು ನೋಟಿಸಿನಲ್ಲಿರುವ ಕಲಂ ನೋಡಿ. ಅದನ್ನು ನೋಡದೆ ನಿಮಗೆ ಬಂದ ನೋಟಿಸ್ ಯಾವ ಬಗೆಯದೆಂದು ನಾನು ಹೇಳಲಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸ್ ತನಿಖೆ, ಬಂಧನ ಹೇಗೆ ನಡೆಯಬೇಕೆಂದು ಹೇಳುವ ಕಾನೂನು) ಕಲಂ 35(3) ಎಂದಿದ್ದರೆ ಅನುಮಾನ ಅವರ ಮೇಲೇ ಇದೆ. ವಕೀಲರನ್ನು ಕಂಡು, ಹೇಳಿದ ದಿನ ಹೋಗಲಿ. ತಪ್ಪಿಸಿದರೆ ಬಂಧಿಸಬಹುದು.

ಅದೇ ಸಂಹಿತೆಯ ಕಲಂ 179 ಎಂದಿದ್ದರೆ ಸಾಮಾನ್ಯವಾಗಿ ಸಾಕ್ಷಿಯಾಗಿ ಕೇಳುತ್ತಾರೆ. ಆಗ 60 ದಾಟಿದವರನ್ನು ಸ್ಟೇಷನ್‌ಗೆ ಬರಲೇಬೇಕು ಎನ್ನುವಂತಿಲ್ಲ, ಮನೆಗೇ ಬಂದು ಕೇಳಬೇಕು. ಹೆಂಗಸರಿಗೂ ಹೀಗೇ. ಬಾಯಲ್ಲಿ ಹೇಳಿದರೆ ಸಾಲದು. ವಯಸ್ಸಿನ ದಾಖಲೆ ಸೇರಿಸಿ ಅರ್ಜಿ ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಕೇಳಿದ್ದಕ್ಕೆ ನಿಜವನ್ನೇ ಹೇಳಲಿ. ತಮ್ಮನ್ನೇ ಅಪರಾಧಕ್ಕೆ ಸಿಕ್ಕಿಸುವಂಥ ಪ್ರಶ್ನೆಗೆ ಮಾತ್ರ ಉತ್ತರಿಸಬೇಕಾಗಿಲ್ಲ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿಯನ್ನೂ ಹಾಕಬೇಕಿಲ್ಲ, ಇದು 181ರಲ್ಲೇ ಇದೆ. ಕೆಲವರು ಇದು ಗೊತ್ತಿಲ್ಲದೆ ಸುಮ್ನೆ ಸಹಿ ಹಾಕಿ ಬರುತ್ತಾರೆ. ನೋಟಿಸಿನಲ್ಲಿ ಕಲಂ ನಂಬರೇ ಇಲ್ಲದಿದ್ದರೆ ಅದೇ ಅರ್ಜಿಯಲ್ಲಿ ಬರೆದು ಕೇಳಿ.