ಸೀಳಿದ ಶಿಖರವೇ ಅಳತೆಗೋಲು

ಪ್ರಶ್ನೆ: ಉದ್ರಿಕ್ತ ಪರಮಾಣುಗಳ ಮೇಲೆ ಲೇಸರ್ ಹಾಯಿಸಿ ಟೆರಾಹರ್ಟ್ಸ್ ಅಲೆಯ ವಿದ್ಯುತ್ ಕ್ಷೇತ್ರ ಅಳೆಯಬಹುದಂತೆ; ಬೇರೆ ಮಾಪಕದ ಜೊತೆ ತಾಳೆ ನೋಡುವುದೂ ಬೇಡವಂತೆ. ಹೇಗೆ?

ಉತ್ತರ: ರುಬಿಡಿಯಂ ಆವಿ ತುಂಬಿದ ಪುಟ್ಟ ಗಾಜಿನ ಕೋಶಕ್ಕೆ ಒಂದು ಕಡೆಯಿಂದ 780 ನ್ಯಾನೊಮೀಟರಿನ ಪ್ರೋಬ್ (ಅಳೆದು ನೋಡುವ) ಲೇಸರನ್ನೂ ಎದುರಿನಿಂದ ಪರಮಾಣುವನ್ನು ಇನ್ನೂ ಮೇಲಿನ ಮಟ್ಟಕ್ಕೆ ಜೋಡಿಸುವ 480 ನ್ಯಾನೊಮೀಟರಿನ ಕಪ್ಲಿಂಗ್ ಲೇಸರನ್ನೂ ಬಿಡುತ್ತಾರೆ. ಎರಡೂ ಸರಿಯಾದ ಆವೃತ್ತಿಯಲ್ಲಿ ಕೂತಾಗ ಆವಿ ಪ್ರೋಬ್ ಬೆಳಕಿಗೆ ಪಾರದರ್ಶಕವಾಗುತ್ತದೆ, ಫೋಟೊಡಯೋಡಿನಲ್ಲಿ ಚೂಪಾದ ಶಿಖರ ಏಳುತ್ತದೆ. ಎರಡು ನೆರೆಯ ರಿಡ್‌ಬರ್ಗ್ ಮಟ್ಟಗಳ (ಎಲೆಕ್ಟ್ರಾನ್ ತುಂಬ ಮೇಲಕ್ಕೇರಿದ ಉದ್ರಿಕ್ತ ಸ್ಥಿತಿಗಳ) ಅಂತರಕ್ಕೆ ಹೊಂದುವ ಟೆರಾಹರ್ಟ್ಸ್ ಅಲೆ ಬಿದ್ದರೆ ಆ ಶಿಖರ ಎರಡಾಗಿ ಸೀಳುತ್ತದೆ. ಸೀಳಿನ ಅಗಲವನ್ನು ಪ್ಲ್ಯಾಂಕ್ ಸ್ಥಿರಾಂಕದಿಂದ ಗುಣಿಸಿ, ಆ ಮಟ್ಟಗಳ ನಡುವಿನ ಜಿಗಿತದ ಡೈಪೋಲ್ ಮೊಮೆಂಟಿನಿಂದ (ಜಿಗಿತ ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಬಲವಾಗಿ ಸ್ಪಂದಿಸುತ್ತದೆ ಎಂಬುದರ ಅಳತೆ) ಭಾಗಿಸಿದರೆ ಕ್ಷೇತ್ರ ಸಿಕ್ಕಿತು. ಇವೆರಡೂ ಮೊದಲೇ ಗೊತ್ತಿರುವ ಸಂಖ್ಯೆಗಳಾದ್ದರಿಂದಲೇ ತಾಳೆ ಬೇಡ ಎನ್ನುವುದು. ಡೈಪೋಲ್ ಮೊಮೆಂಟ್ ಪರಮಾಣು ಏಕಮಾನದಲ್ಲಿ 100 ಎನ್ನೋಣ. ಆಗ ಮೀಟರಿಗೆ 1 ವೋಲ್ಟ್ ಕ್ಷೇತ್ರಕ್ಕೆ ಸೀಳು ಸುಮಾರು 1.28 ಮೆಗಾಹರ್ಟ್ಸ್. 10 ಮೆಗಾಹರ್ಟ್ಸ್ ಸೀಳು ಕಂಡರೆ ಕ್ಷೇತ್ರ ಮೀಟರಿಗೆ 7.8 ವೋಲ್ಟ್.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಕಪ್ಲಿಂಗ್ ಲೇಸರಿನ ಬದಲು ಪ್ರೋಬ್ ಲೇಸರಿನ ಆವೃತ್ತಿಯನ್ನು ಸರಿಸುತ್ತಾ ನೋಡಿದರೆ, ಡಾಪ್ಲರ್ ಪರಿಣಾಮದಿಂದ (ಓಡಾಡುವ ಪರಮಾಣುಗಳಿಗೆ ಲೇಸರಿನ ಆವೃತ್ತಿ ಬದಲಾಗಿ ಕಾಣುವುದರಿಂದ) ಸೀಳು ಕುಗ್ಗಿ ಕಾಣುತ್ತದೆ. ಅದನ್ನು 780/480, ಅಂದರೆ 1.625ರಿಂದ ಗುಣಿಸಲೇಬೇಕು. ಇನ್ನೊಂದು ಮಾತು: ಲೇಸರಿನ ಆವೃತ್ತಿ ಸರಿಸುವ ಪೀಜೋ ಹರಳಿಗೆ ಕೊಡುವ ವೋಲ್ಟೇಜಿಗೂ ಆವೃತ್ತಿಗೂ ನೇರ ಅನುಪಾತವಿಲ್ಲ. ಮಾಡ್ಯುಲೇಟರಿನಿಂದ ಗೊತ್ತಿರುವ ಅಂತರದ ಪಕ್ಕಪಟ್ಟಿಗಳನ್ನು (ಲೇಸರಿನ ಮೂಲ ಆವೃತ್ತಿಯ ಅಕ್ಕಪಕ್ಕದ ಆವೃತ್ತಿಗಳನ್ನು) ಹುಟ್ಟಿಸಿ ಆವೃತ್ತಿಯ ಅಕ್ಷಕ್ಕೆ ಗುರುತು ಹಾಕಿಕೊಳ್ಳಿ. ಎರಡು ಶಿಖರಗಳ ಎತ್ತರ ಬೇರೆಬೇರೆಯಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಟೆರಾಹರ್ಟ್ಸ್ ಆವೃತ್ತಿಯನ್ನು. ಅನುರಣನ ತಪ್ಪಿದಷ್ಟೂ ಸೀಳು ನಿಜಕ್ಕಿಂತ ಹಿಗ್ಗಿ ಕಾಣುತ್ತದೆ.

ತಾಳೆ ಬೇಡ ಎಂಬ ಮಾತು ಪರಮಾಣುವಿನ ಮಟ್ಟಿಗೆ ನಿಜ, ಕೋಶದ ಮಟ್ಟಿಗೆ ಅಲ್ಲ. 1 ಟೆರಾಹರ್ಟ್ಸ್ ಅಲೆಯ ತರಂಗದೂರ ಬರೀ 0.3 ಮಿಲಿಮೀಟರ್. ಎದುರುಬದುರು ಗೋಡೆಗಳಿಂದ ಪ್ರತಿಫಲಿಸಿ ಒಳಗೆ ನಿಂತ ಅಲೆ ಏರ್ಪಡುತ್ತದೆ, 0.15 ಮಿಲಿಮೀಟರಿಗೊಮ್ಮೆ ಕ್ಷೇತ್ರ ಏರಿಳಿಯುತ್ತದೆ. ಲೇಸರ್ ಕಿರಣ ಅದಕ್ಕಿಂತ ದಪ್ಪವಿದ್ದರೆ ಶಿಖರಗಳು ಹರಡಿಕೊಳ್ಳುತ್ತವೆ. ಮಾಮೂಲಿ ಬೋರೋಸಿಲಿಕೇಟ್ ಗಾಜು ಅಲೆಯನ್ನು ಹೀರುವುದೂ ಜಾಸ್ತಿ, ಕ್ವಾರ್ಟ್ಸ್ ಕಿಟಕಿಯೇ ಮೇಲು. ಕೋಶವನ್ನು ತುಸು ವಾರೆ ಮಾಡಿ, ಜಾಗ ಬದಲಿಸುತ್ತಾ ಹಲವು ಅಳತೆ ತೆಗೆಯಿರಿ.

ಪ್ರಶ್ನೆ: ಕ್ಷೇತ್ರ ದುರ್ಬಲವಾಗಿ ಶಿಖರ ಸೀಳದೇ ಹೋದರೆ?

ಉತ್ತರ: ಶಿಖರದ ಎತ್ತರ ಕುಗ್ಗುವುದನ್ನು ನೋಡಬಹುದು, ಆದರೆ ಆಗ ತಾಳೆ ನೋಡುವ ಕೆಲಸ ತಪ್ಪದು. ಚಿತ್ರ ತೆಗೆಯುವುದಷ್ಟೇ ಗುರಿಯಾದರೆ ಪ್ರತಿದೀಪ್ತಿಯ (ಉದ್ರಿಕ್ತ ಪರಮಾಣುಗಳು ತಾವೇ ಸೂಸುವ ಬೆಳಕಿನ) ದಾರಿಯಿದೆ: ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಸೀಸಿಯಂ ಆವಿ ಬಳಸಿ 0.55 ಟೆರಾಹರ್ಟ್ಸ್ ಅಲೆಯನ್ನು ಹಸಿರು ಬೆಳಕಾಗಿಸಿ, ಸೆಕೆಂಡಿಗೆ 3000 ಚಿತ್ರ ಸೆರೆಹಿಡಿದಿತ್ತು.